ಹಳೇ ಕಂಪ್ಯೂಟರ್ ರಿಪೇರಿಗೆ ಎಸ್.ಪಿ. ರೋಡ್: ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ

ಪೆಂಟಿಯಂ ಕಾಲದ ಡೆಸ್ಕ್‌ಟಾಪ್ ಒಂದನ್ನು ಮತ್ತೆ ಆನ್ ಮಾಡಬೇಕು ಅಂತ ಬೆಂಗಳೂರಿನಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತದೆ. ಎಸ್.ಪಿ. ರೋಡ್‌ಗೆ ಹೋಗಿ, ಅಲ್ಲಿ ಎಲ್ಲಾ ಸಿಗುತ್ತದೆ. ಈ ಮಾತು ಅರ್ಧ ನಿಜ. ಹಳೇ ಕಂಪ್ಯೂಟರ್ ರಿಪೇರಿ ನನ್ನ ಹವ್ಯಾಸ, ಆ ಬೀದಿಗೆ ವರ್ಷಗಳಿಂದ ಓಡಾಡುತ್ತಿದ್ದೇನೆ, ಅದಕ್ಕೇ ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಚಿಪ್ ಲೆವೆಲ್ ರಿಪೇರಿ, ಅಂದರೆ ಬೋರ್ಡ್ ಬದಲಿಸದೆ ಅದರ ಮೇಲಿನ ಬಿಡಿಭಾಗವನ್ನೇ ಸರಿ ಮಾಡುವವರಿಗೆ ಐದಕ್ಕೆ ಐದು. ಕೇಬಲ್, ಕನ್ವರ್ಟರ್, ರ‍್ಯಾಮ್, ಹಳೇ ಮಾನಿಟರ್ ಇಂಥದ್ದಕ್ಕೆ ನಾಲ್ಕು. ಹಳೇ ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕ್‌ಗೆ ಎರಡು. ಕೆಪಾಸಿಟರ್‌ಗೆ, ಅಂದರೆ ಬೋರ್ಡ್ ಮೇಲೆ ವೋಲ್ಟೇಜ್ ಏರಿಳಿಯದಂತೆ ನೋಡಿಕೊಳ್ಳುವ ಸಣ್ಣ ಡಬ್ಬಿಗಳಿಗೆ, ಒಂದು. ಈ ಕೊನೆಯದರ ಬಗ್ಗೆಯೇ ಜಾಸ್ತಿ ಬರೆಯಬೇಕಾಗಿದೆ, ಯಾಕೆಂದರೆ ಹಳೇ ಬೋರ್ಡ್‌ಗಳು ಸಾಯುವುದು ಅಲ್ಲಿಂದಲೇ.

ಮೊದಲು ಜಾಗದ ವಿಷಯ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಟೌನ್ ಹಾಲ್, ಜೆ.ಸಿ. ರೋಡ್ ಕಡೆಯಿಂದ ಹತ್ತಿರ. ಕಾರು ತರಬೇಡಿ, ನಿಲ್ಲಿಸಲು ಜಾಗ ಇಲ್ಲ. ಹಸಿರು ಮಾರ್ಗದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಸಾಕು. ಕ್ಯಾಬಿನೆಟ್ ಸಮೇತ ಹೋಗುವುದಾದರೆ ಆಟೋ ಮಾಡಿಕೊಳ್ಳಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ವಿಪರೀತ ಜನ, ಆ ದಿನ ಯಾರಿಗೂ ನಿಮ್ಮ ಹಳೇ ಬೋರ್ಡ್ ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ವಾರದ ಮಧ್ಯೆ, ಬೆಳಿಗ್ಗೆ ಅಂಗಡಿ ತೆಗೆದು ಒಂದು ಗಂಟೆ ಕಳೆದ ಮೇಲೆ ಹೋದರೆ ಕೂತು ಮಾತಾಡುತ್ತಾರೆ.

ಮುಖ್ಯರಸ್ತೆಯ ಅಂಗಡಿಗಳಲ್ಲಿ ಈಗ ಲ್ಯಾಪ್‌ಟಾಪ್, ಸಿಸಿಟಿವಿ ಕ್ಯಾಮೆರಾ, ರೌಟರ್, ಪ್ರಿಂಟರ್ ಇಂಕ್ ಇವೇ ಜಾಸ್ತಿ. ಅಲ್ಲಿ ನಿಂತು "ಪಿ-ತ್ರೀ ಬೋರ್ಡ್ ರಿಪೇರಿ ಆಗ್ಬೇಕಿತ್ತು" ಅಂದರೆ "ಅದನ್ನ ಗುಜರಿಗೆ ಹಾಕಿ ಸಾರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆ ಐ-ಫೈವ್ ಕೊಡ್ತೀನಿ" ಅನ್ನುತ್ತಾರೆ. ಅವರ ವ್ಯಾಪಾರ ಅದು, ತಪ್ಪಿಲ್ಲ. ನಮಗೆ ಬೇಕಾದವರು ಮಹಡಿ ಮೇಲೆ, ಅಡ್ಡಗಲ್ಲಿಗಳಲ್ಲಿ ಇದ್ದಾರೆ. "ಚಿಪ್ ಲೆವೆಲ್ ಸರ್ವಿಸ್" ಅಂತ ಬರೆದಿರುವ ಕಡೆ ಮೆಟ್ಟಿಲು ಹತ್ತಿ. ಒಳಗೆ ಮೈಕ್ರೋಸ್ಕೋಪ್, ಹಾಟ್ ಏರ್ ಮಷೀನು, ಬಿಚ್ಚಿಟ್ಟ ಲ್ಯಾಪ್‌ಟಾಪ್ ಬೋರ್ಡ್‌ಗಳ ರಾಶಿ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಬೋರ್ಡ್ ಮುಟ್ಟುವ ಮೊದಲೇ ರೇಟ್ ಹೇಳುವವರನ್ನು ಬಿಟ್ಟುಬಿಡಿ. ಬೆಳಕಿಗೆ ಹಿಡಿದು ನೋಡಿ, ಮಲ್ಟಿಮೀಟರ್ ಇಟ್ಟು, ಆಮೇಲೆ ಬಾಯಿ ಬಿಡುವವರ ಹತ್ತಿರ ಕೊಡಿ.

ಈ ಸಲ ನಾನು ಹೋಗಿದ್ದು ಚಿಕ್ಕಪ್ಪನ ಕಂಪ್ಯೂಟರ್‌ಗಾಗಿ. ಅವರು ಚಾಮರಾಜಪೇಟೆಯಲ್ಲಿ ಡಿಟಿಪಿ ಸೆಂಟರ್ ನಡೆಸುತ್ತಿದ್ದರು. ಮದುವೆ ಪತ್ರಿಕೆ, ಸ್ಮರಣ ಸಂಚಿಕೆ, ಕವನ ಸಂಕಲನ, ಸಂಘದ ವಾರ್ಷಿಕ ವರದಿ, ಎಲ್ಲಾ ಪೇಜ್‌ಮೇಕರ್‌ನಲ್ಲಿ. ಅಂಗಡಿ ಮುಚ್ಚಿದ ಮೇಲೆ ಆ ಕಂಪ್ಯೂಟರ್ ಅಟ್ಟ ಸೇರಿತ್ತು. ಪೆಂಟಿಯಂ 3, ಇಂಟೆಲ್ 815 ಚಿಪ್‌ಸೆಟ್ ಇರುವ ಬೋರ್ಡ್, ವಿಂಡೋಸ್ 98. ಹಿರಿಯರೊಬ್ಬರು ತಮ್ಮ ಊರಿನ ಬಗ್ಗೆ ಬರೆದ ಪುಸ್ತಕದ ಫೈಲು ಅದರಲ್ಲಿತ್ತು. ಅಚ್ಚಾದ ಪ್ರತಿಗಳು ಖಾಲಿಯಾಗಿವೆ, ಬರೆದವರು ಈಗಿಲ್ಲ, ಅವರ ಮಗಳು ಮತ್ತೆ ಮುದ್ರಿಸಬೇಕು ಅಂತ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದಿದ್ದರು.

ಹಾರ್ಡ್ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಿ ಕಾಪಿ ಮಾಡಿದರೆ ಮುಗೀತಲ್ವಾ ಅಂತ ಅನ್ನಿಸಬಹುದು. ಕಾಪಿ ಆಗುತ್ತದೆ, ತೆರೆದರೆ ಕನ್ನಡ ಇರುವುದಿಲ್ಲ. ಯೂನಿಕೋಡ್ ಅಂದರೆ ಎಲ್ಲಾ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ. ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಬಂದಿದ್ದು 2001ರಲ್ಲಿ, ಎಕ್ಸ್‌ಪಿ ಜೊತೆ, ತುಂಗಾ ಫಾಂಟ್ ಮೂಲಕ. ಅದಕ್ಕೂ ಮುಂಚಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುತ್ತಿದ್ದವು, ಒಬ್ಬೊಬ್ಬರದು ಒಂದೊಂದು ಲೆಕ್ಕ. ಬರಹ ಅಥವಾ ನುಡಿಯಲ್ಲಿ ಟೈಪ್ ಮಾಡಿದ್ದಾದರೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಚಿಕ್ಕಪ್ಪ ಪೇಜ್‌ಮೇಕರ್ ಜೊತೆ ಕನ್ನಡಕ್ಕೆ ಬಳಸುತ್ತಿದ್ದದ್ದು ಹಾರ್ಡ್‌ವೇರ್ ಲಾಕ್ ಇರುವ ಡಿಟಿಪಿ ತಂತ್ರಾಂಶ. ಆ ಲಾಕ್ ಅಂದರೆ ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟ್‌ಗೆ ಹಾಕುವ ಸಣ್ಣ ಡಬ್ಬಿ. ಅದು ಇಲ್ಲದೆ ತಂತ್ರಾಂಶ ತೆರೆಯುವುದೇ ಇಲ್ಲ.

ಮುಖ್ಯರಸ್ತೆಯ ಒಂದು ಅಂಗಡಿಯಲ್ಲಿ ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ತೋರಿಸಿ "ಇದ್ರಲ್ಲೇ ಆಗುತ್ತೆ ಸಾರ್, ಹೊಸ ಸಿಸ್ಟಮ್‌ಗೆ ಹಾಕ್ಕೊಳ್ಳಿ" ಅಂದರು. ಆಗುವುದಿಲ್ಲ, ದಯವಿಟ್ಟು ಇದಕ್ಕೆ ದುಡ್ಡು ಹಾಕಬೇಡಿ. ಆ ಕೇಬಲ್ ಪ್ರಿಂಟರ್‌ಗೆ ಮಾತ್ರ. ಬೋರ್ಡ್‌ನ ಸ್ಲಾಟ್‌ಗೆ ಹಾಕುವ ಪಿಸಿಐ ಪ್ಯಾರಲಲ್ ಕಾರ್ಡ್ ಕೂಡ ಎಷ್ಟೋ ಸಲ ಕೈಕೊಡುತ್ತದೆ. ಹಳೇ ಲಾಕ್‌ನ ಡ್ರೈವರ್ 378 ಅನ್ನುವ ಒಂದೇ ವಿಳಾಸದಲ್ಲಿ ಪೋರ್ಟ್ ಹುಡುಕುತ್ತದೆ, ಪಿಸಿಐ ಕಾರ್ಡ್ ಸಾಮಾನ್ಯವಾಗಿ ಬೇರೆ ವಿಳಾಸ ಹಿಡಿಯುತ್ತದೆ. ಬೋರ್ಡ್ ಮೇಲೆಯೇ ಪೋರ್ಟ್ ಇರುವ ಹಳೇ ಕಂಪ್ಯೂಟರೇ ಬೇಕು. ಹವ್ಯಾಸ ಅಂತ ಶುರು ಮಾಡಿದ ಈ ಕೆಲಸ ನನಗೆ ಮುಖ್ಯ ಅನ್ನಿಸಿರುವುದು ಇದಕ್ಕೇ. 1990ರ ದಶಕ ಮತ್ತು 2000ದ ಮೊದಲ ವರ್ಷಗಳಲ್ಲಿ ಕನ್ನಡದಲ್ಲಿ ಅಚ್ಚಾದ ಎಷ್ಟೋ ಪುಸ್ತಕಗಳ ಮೂಲ ಫೈಲುಗಳು ಇಂಥ ಕಂಪ್ಯೂಟರ್‌ಗಳಲ್ಲೇ ಇವೆ, ಮತ್ತು ಆ ಕಂಪ್ಯೂಟರ್‌ಗಳು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ.

ಕಾಯಿಲೆ ಏನಪ್ಪಾ ಅಂದರೆ, ಫ್ಯಾನ್ ತಿರುಗುತ್ತಿತ್ತು, ಡಿಸ್‌ಪ್ಲೇ ಬರುತ್ತಿರಲಿಲ್ಲ. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಹಾಕುವುದು ಎಲ್ಲರೂ ಮಾಡುವ ಮೊದಲ ಕೆಲಸ, ಅದರಿಂದ ಏನೂ ಆಗಲಿಲ್ಲ. ಆದರೆ ಒಂದು ಸುಳಿವು ಇತ್ತು. ಬೆಳಿಗ್ಗೆ ಚಳಿಯಲ್ಲಿ ಏನು ಮಾಡಿದರೂ ಬರದ ಡಿಸ್‌ಪ್ಲೇ, ಮಧ್ಯಾಹ್ನ, ಅದೂ ಸ್ವಲ್ಪ ಹೊತ್ತು ಪವರ್ ಕೊಟ್ಟು ಬಿಟ್ಟಿದ್ದ ಮೇಲೆ ಒಮ್ಮೊಮ್ಮೆ ಬರುತ್ತಿತ್ತು. ಇದು ಕೆಟ್ಟ ಕೆಪಾಸಿಟರ್‌ನ ಲಕ್ಷಣ. ಒಳಗಿನ ದ್ರವ ಒಣಗಿದ ಕೆಪಾಸಿಟರ್ ತಣ್ಣಗಿರುವಾಗ ಅದರ ಒಳಗಿನ ರೋಧ, ಅಂದರೆ ಇಎಸ್‌ಆರ್, ತುಂಬಾ ಜಾಸ್ತಿ ಇರುತ್ತದೆ. ಬಿಸಿಯಾದಂತೆ ಇಳಿಯುತ್ತದೆ. ಅಷ್ಟರಲ್ಲಿ ಸಿಪಿಯುಗೆ ಹೋಗುವ ವೋಲ್ಟೇಜ್ ಒಂದು ಹದಕ್ಕೆ ಬಂದು ಬೋರ್ಡ್ ಎದ್ದು ಕೂರುತ್ತದೆ. ನಿಮ್ಮ ಕಂಪ್ಯೂಟರ್ ಹೀಗೆ ಮಾಡುತ್ತಿದ್ದರೆ ಸುಮ್ನೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಅಷ್ಟರಲ್ಲಿ ಸಿಪಿಯುಗೆ ವೋಲ್ಟೇಜ್ ಕೊಡುವ ರೆಗ್ಯುಲೇಟರ್‌ನ ಮಾಸ್‌ಫೆಟ್ ಅನ್ನುವ ಭಾಗ ಕೂಡ ಹೋಗಬಹುದು.

1999ರಿಂದ 2007ರ ಸುಮಾರಿನವರೆಗೆ ತಯಾರಾದ ಬೋರ್ಡ್‌ಗಳಲ್ಲಿ ಇದು ದೊಡ್ಡ ಪಿಡುಗು. ಆ ಕಾಲದಲ್ಲಿ, ಮುಖ್ಯವಾಗಿ ತೈವಾನಿನಲ್ಲಿ ತಯಾರಾದ ಎಷ್ಟೋ ಕೆಪಾಸಿಟರ್‌ಗಳ ಒಳಗಿನ ದ್ರವ ಸರಿಯಿರಲಿಲ್ಲ. ಒಳಗೆ ಗ್ಯಾಸ್ ತುಂಬಿ ತಲೆ ಉಬ್ಬುತ್ತದೆ, ಕಂದು ಬಣ್ಣದ ರಸ ಸೋರುತ್ತದೆ. ಒಳ್ಳೆಯ ಕಂಪನಿಯದೂ ಹೊರತಲ್ಲ. ಡೆಲ್ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಅನ್ನುವ ಮಾಡೆಲ್‌ನಲ್ಲಿ ಜಪಾನಿನ ನಿಚಿಕಾನ್ ಕೆಪಾಸಿಟರ್‌ಗಳೇ ಉಬ್ಬಿದ್ದವು. ಹಳೇ ಡೆಸ್ಕ್‌ಟಾಪ್ ಕೊಳ್ಳುವಾಗ ಟಾರ್ಚ್ ತೆಗೆದುಕೊಂಡು ಹೋಗಿ ಸಿಪಿಯು ಪಕ್ಕದ ಸಾಲಿನ ತಲೆಗಳನ್ನು ನೋಡಿ. ಚಪ್ಪಟೆಯಾಗಿರಬೇಕು. ಸ್ವಲ್ಪವೇ ಗುಮ್ಮಟದ ಹಾಗೆ ಎದ್ದಿದ್ದರೂ ಆ ಬೋರ್ಡ್‌ಗೆ ಕೆಲಸ ಬಾಕಿ ಇದೆ ಅಂತ ಲೆಕ್ಕ ಹಾಕಿ, ಬೆಲೆ ಇಳಿಸಿ ಕೇಳಿ.

ಕೆಪಾಸಿಟರ್ ಬದಲಿಸುವುದು ಗೊತ್ತಿರುವ ಕೆಲಸವೇ. ಬದಲಿಗೆ ಹಾಕುವುದು ಎಲ್ಲಿಂದ ತರಬೇಕು ಅನ್ನುವುದು ಪ್ರಶ್ನೆ. ಎಸ್.ಪಿ. ರೋಡ್‌ನಲ್ಲಿ ಕಾಂಪೊನೆಂಟ್ ಅಂಗಡಿಗಳಿಗೆ ಬರ ಇಲ್ಲ. "6.3 ವೋಲ್ಟ್, 1500 ಮೈಕ್ರೋಫ್ಯಾರಡ್, ಲೋ ಇಎಸ್‌ಆರ್, 105 ಡಿಗ್ರಿ" ಅಂತ ಕೇಳಿದರೆ ಹೆಚ್ಚಿನವರು 105 ಡಿಗ್ರಿಯವರೆಗೆ ಕೇಳಿಸಿಕೊಳ್ಳುತ್ತಾರೆ, ಲೋ ಇಎಸ್‌ಆರ್ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಒಂದು ಅಂಗಡಿಯಲ್ಲಿ ಹೆಸರಾಂತ ಜಪಾನಿ ಕಂಪನಿಯ ಹೆಸರಿದ್ದ ಕೆಪಾಸಿಟರ್ ಕೊಟ್ಟರು. ನೋಡಲು ಚೆನ್ನಾಗಿತ್ತು, ಹೊಳೆಯುವ ಅಕ್ಷರ. ಮನೆಯಲ್ಲಿ ಇಎಸ್‌ಆರ್ ಮೀಟರ್‌ಗೆ ಹಾಕಿದರೆ ಬರೆದಿದ್ದಕ್ಕೂ ಮೀಟರ್ ತೋರಿಸಿದ್ದಕ್ಕೂ ಸಂಬಂಧವೇ ಇರಲಿಲ್ಲ. ಕೆಪಾಸಿಟಿ ಕಡಿಮೆ, ಇಎಸ್‌ಆರ್ ಜಾಸ್ತಿ. ಅಗ್ಗದ ಕೆಪಾಸಿಟರ್‌ಗೆ ಹೊಸ ಅಂಗಿ ತೊಡಿಸಿ ಮಾರುವುದು ಈ ವ್ಯಾಪಾರದಲ್ಲಿ ಎಲ್ಲಾ ಕಡೆ ಇದೆ. ವಾಪಸ್ ತೆಗೆದುಕೊಂಡು ಹೋದಾಗ ಅಂಗಡಿಯವರು ಬೇರೆ ಬಾಕ್ಸ್ ತೆಗೆದರು, ಅದೂ ಹಾಗೇ ಇತ್ತು. ಪಾಪ, ಅವರಿಗೂ ಹೋಲ್‌ಸೇಲ್‌ನಲ್ಲಿ ಬಂದದ್ದು ಅದೇ ಇರಬಹುದು. ಆದರೆ ಚಿಕ್ಕಪ್ಪನ ಕಂಪ್ಯೂಟರ್‌ನಂಥ ಒಂದೇ ಒಂದು ಬೋರ್ಡ್ ಇರುವಾಗ ಅದರಲ್ಲಿ ಪರೀಕ್ಷೆ ಮಾಡುವುದಕ್ಕೆ ಆಗುವುದಿಲ್ಲ.

ಹಾಗಾಗಿ ಕೆಪಾಸಿಟರ್ ಮಾತ್ರ ಅಧಿಕೃತ ವಿತರಕರಿಂದ ತರಿಸಿಕೊಳ್ಳಿ. ಎಲಿಮೆಂಟ್14, ಮೌಸರ್ ಇಂಥವರ ಹತ್ತಿರ ಪ್ಯಾನಾಸೋನಿಕ್ ಎಫ್‌ಆರ್, ಎಫ್‌ಎಂ ಸರಣಿ, ರೂಬಿಕಾನ್, ನಿಚಿಕಾನ್ ಸಿಗುತ್ತವೆ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಮೊದಲಿದ್ದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಮಾತ್ರ ಬೇಡ. ಅಗಲ ಮತ್ತು ಕಾಲುಗಳ ನಡುವಿನ ಅಂತರ ಅಳೆದು ಆರ್ಡರ್ ಮಾಡಿ, ಸಿಪಿಯು ಸಾಕೆಟ್ ಪಕ್ಕ ಜಾಗ ತೀರಾ ಇಕ್ಕಟ್ಟು. ಕೊರಿಯರ್ ಖರ್ಚು ಬಿಡಿಭಾಗದ ಬೆಲೆಗಿಂತ ಜಾಸ್ತಿ ಆಗುತ್ತದೆ, ಅದಕ್ಕೇ ಎರಡು ಮೂರು ಬೋರ್ಡ್‌ಗೆ ಆಗುವಷ್ಟು ಒಟ್ಟಿಗೆ ತರಿಸಿದರೆ ಒಳ್ಳೆಯದು.

ಕೆಪಾಸಿಟರ್ ಕೈಲಿ ಹಿಡಿದುಕೊಂಡು ಮಹಡಿ ಹತ್ತಿದೆ. ಸಣ್ಣ ಬೋರ್ಡ್ ಆಗಿದ್ದರೆ ನಾನೇ ಬೆಸುಗೆ ಹಾಕುತ್ತೇನೆ. ಆದರೆ ಮದರ್‌ಬೋರ್ಡ್‌ನಲ್ಲಿ ಹಲವು ಪದರಗಳಿರುತ್ತವೆ. ನೆಗೆಟಿವ್ ಕಾಲು ಒಳಗಿನ ದೊಡ್ಡ ತಾಮ್ರದ ಪದರಕ್ಕೆ ಸೇರಿರುತ್ತದೆ, ಅದು ಐರನ್‌ನ ಶಾಖವನ್ನೆಲ್ಲಾ ಹೀರಿಕೊಳ್ಳುತ್ತದೆ. ಮನೆಯ 25 ವ್ಯಾಟ್ ಐರನ್‌ನಲ್ಲಿ ಎಳೆದಾಡಿದರೆ ತೂತಿನ ಒಳಗಿನ ತಾಮ್ರದ ಕೊಳವೆಯೇ ಕಿತ್ತು ಬರುತ್ತದೆ. ಆಮೇಲೆ ಆ ಬೋರ್ಡ್ ಸರಿ ಮಾಡುವುದು ಬಹಳ ಕಷ್ಟ.

ಅಲ್ಲಿನ ಯಜಮಾನರು ಐವತ್ತು ದಾಟಿದವರು. ಯಾಕೆ ರಿಪೇರಿ ಅಂತ ಕೇಳಲಿಲ್ಲ. "ಒಳಗೆ ಏನಿದೆ ಸಾರ್ ಇದ್ರಲ್ಲಿ?" ಅಂತ ಕೇಳಿದರು. ಪುಸ್ತಕದ ವಿಷಯ ಹೇಳಿದೆ. "ಹಾಗಾದ್ರೆ ಹಾರ್ಡ್ ಡಿಸ್ಕ್ ಮೊದ್ಲು ಬಿಚ್ಚಿ ನೀವೇ ಇಟ್ಕೊಳ್ಳಿ, ಇಲ್ಲಿ ನೂರು ಜನ ಓಡಾಡ್ತಾರೆ" ಅಂದರು. ನಾನು ಆ ಅಂಗಡಿಗೆ ಐದಕ್ಕೆ ಐದು ಕೊಟ್ಟಿದ್ದು ಆ ಮಾತಿನಿಂದಲೇ ಶುರುವಾಯಿತು. ಬೋರ್ಡ್ ಎಲ್ಲಿ ನಿಂತಿದೆ ಅಂತ ಕೋಡ್ ತೋರಿಸುವ ಡಿಬಗ್ ಕಾರ್ಡ್ ಹಾಕಿ ನೋಡಿದರು, ಕೋಡ್ ಏನೂ ಬರಲಿಲ್ಲ. ಸಿಪಿಯು ವೋಲ್ಟೇಜ್ ಅಳೆದರು, ನಿಲ್ಲದೆ ಕುಣಿಯುತ್ತಿತ್ತು. ನಾನು ತಂದಿದ್ದ ಕೆಪಾಸಿಟರ್ ಒಂದನ್ನು ತಮ್ಮ ಮೀಟರ್‌ಗೆ ಹಾಕಿ, ಸರಿ ಇದೆ ಅಂತ ತಲೆಯಾಡಿಸಿ, ಆಮೇಲೆ ಕೆಲಸಕ್ಕೆ ಇಳಿದರು.

ಅವರು ಕೆಲಸ ಮಾಡಿದ ರೀತಿ ಬರೆಯಲೇಬೇಕು. ಕಾಲಿನ ಮೇಲೆ ಮೊದಲು ಹೊಸ 60/40 ಲೆಡ್ ಸೋಲ್ಡರ್ ಸ್ವಲ್ಪ ಹಾಕಿದರು, ಹಳೇ ಸೋಲ್ಡರ್ ಸುಲಭವಾಗಿ ಕರಗಲಿ ಅಂತ. ಬೋರ್ಡ್ ಕೆಳಗಿನಿಂದ ಹಾಟ್ ಏರ್‌ನಲ್ಲಿ ಬೆಚ್ಚಗೆ ಮಾಡಿಕೊಂಡರು. ಒಂದು ಕಾಲು ಕಾಯಿಸಿ ಕೆಪಾಸಿಟರ್ ಒಂದು ಕಡೆಗೆ ಬಾಗಿಸುವುದು, ಇನ್ನೊಂದು ಕಾಯಿಸಿ ಆ ಕಡೆಗೆ ಬಾಗಿಸುವುದು, ಹೀಗೆ ಬಲ ಹಾಕದೆ ನಿಧಾನವಾಗಿ ಎತ್ತಿದರು. ತೂತು ತೆರವು ಮಾಡುವುದಕ್ಕೆ ಡಿಸೋಲ್ಡರಿಂಗ್ ಪಂಪ್, ಅದಕ್ಕೂ ಬಗ್ಗದಿದ್ದಲ್ಲಿ ಸಣ್ಣ ಸೂಜಿ. ಹಳೇದು ತೆಗೆಯುವ ಮುಂಚೆ ಪ್ರತಿಯೊಂದರ ಮೈಮೇಲಿನ ಪಟ್ಟಿ ಯಾವ ಕಡೆಗಿದೆ ಅಂತ ಮಾರ್ಕರ್‌ನಲ್ಲಿ ಬರೆದುಕೊಂಡರು. ಪಟ್ಟಿ ಇರುವ ಕಡೆ ನೆಗೆಟಿವ್, ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಬೋರ್ಡ್ ಮೇಲಿನ ಗುರುತನ್ನು ಪೂರ್ತಿ ನಂಬಬಾರದು ಅಂತಲೂ ಹೇಳಿದರು, ಕೆಲವು ಕಂಪನಿಗಳು ಬಿಳಿ ಅರ್ಧವನ್ನು ಪಾಸಿಟಿವ್‌ಗೆ ಇಟ್ಟಿರುತ್ತವೆ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್‌ನಲ್ಲಿ ಉಜ್ಜಿ ಫ್ಲಕ್ಸ್ ತೊಳೆದರು.

ಸಿಪಿಯು ಮೇಲಿನ ಪೇಸ್ಟ್ ಕಲ್ಲಾಗಿತ್ತು, ಅದನ್ನೂ ಕೇಳದೆಯೇ ಬದಲಿಸಿದರು. ಕಾಪರ್‌ಮೈನ್ ಪೆಂಟಿಯಂ 3ರಲ್ಲಿ ಸಿಲಿಕಾನ್ ಚೂರು ಮೇಲೆಯೇ ಇರುತ್ತದೆ, ಮುಚ್ಚಳ ಇಲ್ಲ. ಹೀಟ್‌ಸಿಂಕ್ ಕ್ಲಿಪ್ ಒಂದು ಮೂಲೆಗೆ ಒತ್ತಿದರೆ ಆ ಮೂಲೆ ಮುರಿಯುತ್ತದೆ. ಇದನ್ನು ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಪವರ್ ಕೊಟ್ಟಾಗ ಒಂದು ಬೀಪ್, ಆಮೇಲೆ ಡಿಸ್‌ಪ್ಲೇ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ಆನ್ ಮಾಡಿ ನೋಡಿ ಆಮೇಲೆ ದುಡ್ಡು ಕೊಡಿ ಅಂದರು. ಹಾಗೇ ಆಯಿತು. ಕೂಲಿ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ. ಈ ಕೈಚಳಕ ಇರುವವರು ಈಗ ಬಹುಪಾಲು ಲ್ಯಾಪ್‌ಟಾಪ್ ಬೋರ್ಡ್‌ಗಳಿಂದ ಬದುಕುತ್ತಿದ್ದಾರೆ, ಹಳೇ ಡೆಸ್ಕ್‌ಟಾಪ್ ತಂದರೆ ಖುಷಿಯಿಂದ ಮಾಡುತ್ತಾರೆ. ಚೌಕಾಸಿ ಮಾಡಬೇಡಿ.

ಇನ್ನು ಬಿಡಿಭಾಗ. ರ‍್ಯಾಮ್ ವಿಷಯದಲ್ಲಿ ಎಸ್.ಪಿ. ರೋಡ್ ಚೆನ್ನಾಗಿದೆ. "ಎಸ್‌ಡಿ ರ‍್ಯಾಮ್" ಅಂತ ಕೇಳಿ, ಒಂದು ಡಬ್ಬದ ತುಂಬ ಸುರಿಯುತ್ತಾರೆ. ಆದರೆ ಚಿಪ್ ಎಣಿಸಿ ತೆಗೆದುಕೊಳ್ಳಿ. 1998ರ ಇಂಟೆಲ್ 440ಬಿಎಕ್ಸ್ ಬೋರ್ಡ್ ಇರುವವರಿಗೆ ಇದು ತುಂಬಾ ಮುಖ್ಯ. 256 ಎಂಬಿ ಸ್ಟಿಕ್ ಎರಡೂ ಕಡೆ ಸೇರಿ 16 ಚಿಪ್ ಇದ್ದರೆ ಪೂರ್ತಿ ಓದುತ್ತದೆ. ಒಂದೇ ಕಡೆ 8 ಚಿಪ್ ಇದ್ದರೆ ಅರ್ಧ ತೋರಿಸುತ್ತದೆ, ಇಲ್ಲಾ ಆನ್ ಆಗುವುದೇ ಇಲ್ಲ. ಸ್ಟಿಕ್ ಕೆಟ್ಟಿದೆ ಅಂದುಕೊಂಡು ಎಷ್ಟೋ ಜನ ಅಂಗಡಿಯವರ ಜೊತೆ ಜಗಳ ಆಡಿದ್ದನ್ನು ನೋಡಿದ್ದೇನೆ. ಕೆಟ್ಟಿರುವುದಿಲ್ಲ, ಆ ಚಿಪ್‌ಸೆಟ್‌ಗೆ ಅಷ್ಟು ದಟ್ಟ ಚಿಪ್ ಗೊತ್ತಿಲ್ಲ ಅಷ್ಟೇ. 815 ಬೋರ್ಡ್ 512 ಎಂಬಿಗೆ ನಿಲ್ಲುತ್ತದೆ. ವಿಂಡೋಸ್ 98 ಕೂಡ 512 ದಾಟಿದರೆ ತಕರಾರು ಶುರು ಮಾಡುತ್ತದೆ, ಸಿಸ್ಟಮ್ ಫೈಲ್‌ನಲ್ಲಿ ವಿಕ್ಯಾಶ್‌ಗೆ, ಅಂದರೆ ಡಿಸ್ಕ್ ಕ್ಯಾಶ್‌ಗೆ, ಮಿತಿ ಹಾಕಬೇಕಾಗುತ್ತದೆ. ಚಿಕ್ಕಪ್ಪನ ಕಂಪ್ಯೂಟರ್‌ಗೆ 256 ಸಾಕಾಯಿತು.

ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಡಬ್ಬ ಮಾತ್ರ ಹೊಸದೇ ತೆಗೆದುಕೊಳ್ಳಿ, ಆದರೆ ಅಗ್ಗದ್ದು ಬೇಡ. ಹೊರಗೆ 450 ವ್ಯಾಟ್ ಅಂತ ಅಂಟಿಸಿದ ಚೀಟಿಯನ್ನು ನಂಬಬೇಡಿ, 5 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ ಅಂತ ನೋಡಿ. ಇವತ್ತಿನ ಕಂಪ್ಯೂಟರ್ 12 ವೋಲ್ಟ್‌ನಿಂದ ಹೆಚ್ಚು ಎಳೆಯುತ್ತದೆ. ಪೆಂಟಿಯಂ 3 ಕಾಲದ ಬೋರ್ಡ್ ಎಳೆಯುವುದು 5 ಮತ್ತು 3.3 ವೋಲ್ಟ್‌ನಿಂದ. 24 ಪಿನ್ ಕನೆಕ್ಟರ್‌ನ ಕೊನೆಯ 4 ಪಿನ್ ಬೇರೆ ಮಾಡಲು ಬಂದರೆ 20 ಪಿನ್ ಬೋರ್ಡ್‌ಗೆ ಹಾಕಬಹುದು. ಐಎಸ್‌ಎ ಅನ್ನುವ ಹಳೇ ಸ್ಲಾಟ್‌ನ ಸೌಂಡ್ ಕಾರ್ಡ್ ಇಟ್ಟುಕೊಂಡವರು ಇನ್ನೊಂದು ನೆನಪಿಡಿ, ಹೊಸ ಎಸ್‌ಎಂಪಿಎಸ್‌ಗಳಲ್ಲಿ ಮೈನಸ್ 5 ವೋಲ್ಟ್ ಇಲ್ಲ, ಕೆಲವು ಹಳೇ ಕಾರ್ಡ್‌ಗಳಿಗೆ ಅದು ಬೇಕು.

486 ಅಥವಾ ಮೊದಲ ಪೆಂಟಿಯಂ ಇರುವವರು ಇದನ್ನು ಗಮನವಿಟ್ಟು ಓದಿ. ಆ ಕಾಲದ ಎಟಿ ಎಸ್‌ಎಂಪಿಎಸ್‌ನಲ್ಲಿ ಕ್ಯಾಬಿನೆಟ್ ಮುಂದಿನ ಸ್ವಿಚ್‌ಗೆ ನೇರವಾಗಿ 230 ವೋಲ್ಟ್ ಬರುತ್ತದೆ. ವೈರಿನ ಇನ್ಸುಲೇಷನ್ ಹೋಗಿದ್ದರೆ ಜೀವಕ್ಕೇ ಅಪಾಯ. ಪ್ಲಗ್ ಕಿತ್ತ ಮೇಲೆಯೇ ಕ್ಯಾಬಿನೆಟ್ ತೆರೆಯಿರಿ. ಬೋರ್ಡ್‌ಗೆ ಹೋಗುವ ಎರಡು ಕನೆಕ್ಟರ್‌ಗಳನ್ನು ಅಕ್ಕಪಕ್ಕ ಹಾಕುವಾಗ ಕಪ್ಪು ವೈರುಗಳು ನಡುವೆ ಒಟ್ಟಿಗೆ ಬರಬೇಕು. ಅದಲು ಬದಲಾದರೆ ಬೋರ್ಡ್ ಸುಟ್ಟಿತು ಅಂತಲೇ. ಅಮೆರಿಕದಿಂದ ತಂದ ಕಂಪ್ಯೂಟರ್ ಆಗಿದ್ದರೆ ಹಿಂದಿರುವ ಕೆಂಪು ಸ್ವಿಚ್ 115ರಲ್ಲಿ ಇದೆಯಾ ಅಂತ ನೋಡಿ, 230ಕ್ಕೆ ತಳ್ಳಿ ಆಮೇಲೆ ಪ್ಲಗ್ ಹಾಕಿ.

ಹಳೇ ಮದರ್‌ಬೋರ್ಡ್‌ಗೆ ನಾನು ಎರಡೇ ಅಂಕ ಕೊಟ್ಟಿದ್ದಕ್ಕೆ ಕಾರಣ "ಟೆಸ್ಟಿಂಗ್ ವಾರಂಟಿ". ಅಂದರೆ ಅಂಗಡಿಯಲ್ಲಿ ಡಿಸ್‌ಪ್ಲೇ ಬಂದರೆ ಮುಗಿಯಿತು, ಹೊರಗೆ ಕಾಲಿಟ್ಟ ಮೇಲೆ ಅದು ನಿಮ್ಮದು. ನಿಮ್ಮ ಸಿಪಿಯು, ನಿಮ್ಮ ರ‍್ಯಾಮ್ ತೆಗೆದುಕೊಂಡು ಹೋಗಿ ಅಲ್ಲೇ ಹಾಕಿಸಿ, ಕನಿಷ್ಠ ಅರ್ಧ ಗಂಟೆ ಓಡಿಸಿ. 386, 486 ಬೋರ್ಡ್ ಸಿಕ್ಕರೆ ಮೊದಲು ಕೀಬೋರ್ಡ್ ಸಾಕೆಟ್ ಪಕ್ಕದ ಉರುಟು ಬ್ಯಾಟರಿ ನೋಡಿ. 3.6 ವೋಲ್ಟ್‌ನ ಆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಹಸಿರು ಪುಡಿ ಕಂಡರೆ ಅದೇ. ಬೋರ್ಡ್ ಆನ್ ಆಗಿಯೂ ಕೀಬೋರ್ಡ್ ಕೆಲಸ ಮಾಡದಿದ್ದರೆ ಬಹುತೇಕ ಇದೇ ಕಾರಣ. ಬ್ಯಾಟರಿ ಕತ್ತರಿಸಿ ತೆಗೆದು, ಬಿಳಿ ವಿನೆಗರ್‌ನಲ್ಲಿ ಒರೆಸಿ, ಆಮೇಲೆ ನೀರು, ಆಮೇಲೆ ಐಸೋಪ್ರೊಪೈಲ್. ತುಂಡಾದ ಗೆರೆಗಳಿಗೆ ಸಣ್ಣ ಜಂಪರ್ ವೈರ್. ಇದನ್ನೂ ಮಹಡಿ ಮೇಲಿನವರು ಚೆನ್ನಾಗಿ ಮಾಡುತ್ತಾರೆ. ಬ್ಯಾಟರಿ ಬದಲು ಕಪ್ಪು ಡಬ್ಬಿಯ ಡಲ್ಲಾಸ್ ಡಿಎಸ್12887 ಚಿಪ್ ಇದ್ದರೆ ಅದರ ಒಳಗೇ ಬ್ಯಾಟರಿ ಇರುತ್ತದೆ. ಪಕ್ಕದಲ್ಲಿ ಕೊರೆದು 16 ಮತ್ತು 20ನೇ ಪಿನ್‌ಗೆ ಹೊರಗಿನಿಂದ ಸಿಆರ್2032 ಸೆಲ್ ಕೊಡಬಹುದು. 20 ಪಾಸಿಟಿವ್.

ಐಡಿಇ, ಅಂದರೆ ಅಗಲ ಪಟ್ಟಿ ಕೇಬಲ್ ಹಾಕುವ ಹಳೇ ಹಾರ್ಡ್ ಡಿಸ್ಕ್‌ಗಳು ಬೀದಿಯಲ್ಲಿ ರಾಶಿ ಬಿದ್ದಿವೆ, ಕೊಳ್ಳಬೇಡಿ. ಎಷ್ಟು ಓಡಿದೆಯೋ ಯಾರಿಗೂ ಗೊತ್ತಿಲ್ಲ. ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಐಡಿಇ ಭಾಷೆಯನ್ನೇ ಮಾತಾಡುತ್ತದೆ, ಒಂದು ಅಗ್ಗದ ಅಡಾಪ್ಟರ್ ಇದ್ದರೆ ಹಾರ್ಡ್ ಡಿಸ್ಕ್ ಜಾಗದಲ್ಲಿ ಅದು ಕೂರುತ್ತದೆ. ಸದ್ದಿಲ್ಲ, ಬಿಸಿಯಿಲ್ಲ. ಬೀದಿಯಲ್ಲಿ ಐಡಿಇ ಟು ಸಾಟಾ ಕನ್ವರ್ಟರ್ ಸುಲಭವಾಗಿ ಸಿಗುತ್ತದೆ, ಕಾಂಪ್ಯಾಕ್ಟ್‌ಫ್ಲ್ಯಾಶ್ ಅಡಾಪ್ಟರ್ ನಾನು ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಸೈಜ್ ನೋಡಿಕೊಳ್ಳಿ. ಆನ್ ಮಾಡಿದಾಗ ಬೋರ್ಡ್‌ನಲ್ಲಿ ಮೊದಲು ಓಡುವ ಪ್ರೋಗ್ರಾಂ, ಅಂದರೆ ಬಯೋಸ್, ತೀರಾ ಹಳೇದಾದರೆ 504 ಎಂಬಿಗೆ ನಿಲ್ಲುತ್ತದೆ, ಆಮೇಲಿನವು 8.4 ಜಿಬಿಗೆ, ಕೆಲವು 32 ಜಿಬಿಗೆ, ಅದಕ್ಕೂ ಹೊಸವು 137 ಜಿಬಿಗೆ. ಫ್ಲಾಪಿ ಡ್ರೈವ್ ಬದಲು ಅದರಂತೆಯೇ ನಟಿಸುವ ಗೋಟೆಕ್ ಅನ್ನುವ ಸಾಧನ ಹಾಕಿ ಪೆನ್‌ಡ್ರೈವ್‌ನಿಂದ ಓದಿಸಬಹುದು, ಆದರೆ ಹಳೇ ಫ್ಲಾಪಿಗಳಲ್ಲಿ ನಿಮ್ಮ ಫೈಲು ಇದ್ದರೆ ನಿಜವಾದ ಡ್ರೈವ್ ಒಂದು ಇಟ್ಟುಕೊಳ್ಳಲೇಬೇಕು.

ಮಾನಿಟರ್ ಸುಲಭ. ಆಫೀಸುಗಳು ಬಿಸಾಡಿದ 17 ಇಂಚಿನ ಸ್ಕ್ವೇರ್ ಎಲ್‌ಸಿಡಿಗಳು ಮಳಿಗೆಗಳಲ್ಲಿ ಸಾಲಾಗಿ ನಿಂತಿವೆ, ವಿಜಿಎ ಇದೆ, ಆನ್ ಮಾಡಿ ತೋರಿಸುತ್ತಾರೆ. ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್ ಇದ್ದರೆ ಇಟ್ಟುಕೊಳ್ಳಿ, ಆದರೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಕೀಬೋರ್ಡ್‌ಗೆ ನನ್ನ ಆಯ್ಕೆ ಟಿವಿಎಸ್ ಗೋಲ್ಡ್. ಒತ್ತಿದರೆ ಟಕ್ ಅನ್ನುವ ಆ ಮೆಕ್ಯಾನಿಕಲ್ ಕೀಲಿ ಡಿಟಿಪಿ ಮಾಡಿದವರಿಗೆಲ್ಲಾ ಗೊತ್ತು, ಚಿಕ್ಕಪ್ಪನಿಗೂ ಅದೇ ಬೇಕಿತ್ತು.

ಚಿಕ್ಕಪ್ಪನ ಕಂಪ್ಯೂಟರ್ ಈಗ ಓಡುತ್ತಿದೆ. ಹಾರ್ಡ್ ಡಿಸ್ಕ್ ಓದಲು ಆಗುವಾಗಲೇ ಅದರ ಪೂರ್ತಿ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ನಕಲು, ತೆಗೆದಿಟ್ಟು, ಅದನ್ನು ಕಾಂಪ್ಯಾಕ್ಟ್‌ಫ್ಲ್ಯಾಶ್‌ಗೆ ಇಳಿಸಿದ್ದೇವೆ. ಲಾಕ್ ಸಿಕ್ಕಿಸಿದ ಮೇಲೆ ತಂತ್ರಾಂಶ ತೆರೆಯಿತು, ಪುಟಗಳು ಅಕ್ಷರ ಕೆಡದೆ ಬಂದವು. ಪಠ್ಯವನ್ನು ಹೊರತೆಗೆದು ಯೂನಿಕೋಡ್‌ಗೆ ಬದಲಿಸುವ ಕೆಲಸ ನಡೆಯುತ್ತಿದೆ. ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ತಪ್ಪುಗಳು ಬರುತ್ತವೆ, ಚಿಕ್ಕಪ್ಪ ಮತ್ತು ಲೇಖಕರ ಮಗಳು ಕೂತು ಒಂದೊಂದೇ ಪುಟ ತಿದ್ದುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಕಂಪ್ಯೂಟರ್ ಇದ್ದು ಎಸ್.ಪಿ. ರೋಡ್‌ಗೆ ಹೊರಟಿದ್ದರೆ, ಕ್ಯಾಬಿನೆಟ್ ಹೊರುವ ಬದಲು ಬೋರ್ಡ್, ಸಿಪಿಯು, ರ‍್ಯಾಮ್ ಮಾತ್ರ ಬಿಚ್ಚಿ ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ತನ್ನಿ. ಬಿಚ್ಚುವ ಮುಂಚೆ ಎಲ್ಲಾ ವೈರುಗಳ ಫೋಟೋ ತೆಗೆಯಿರಿ, ಮುಖ್ಯವಾಗಿ ಪವರ್ ಸ್ವಿಚ್, ರೀಸೆಟ್, ಲೈಟ್ ಇವುಗಳ ಸಣ್ಣ ಪಿನ್‌ಗಳದ್ದು. ಬಯೋಸ್‌ನಲ್ಲಿ ಹಾರ್ಡ್ ಡಿಸ್ಕ್‌ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ, ಸೆಲ್ ತೆಗೆದರೆ ಅದು ಹೋಗುತ್ತದೆ. ಬೋರ್ಡ್ ಬಿಟ್ಟು ಬರುವಾಗ ಮಾಡೆಲ್ ನಂಬರ್ ಹಾಕಿಸಿ ಚೀಟಿ ಬರೆಸಿಕೊಳ್ಳಿ, ಮತ್ತು ಹಾರ್ಡ್ ಡಿಸ್ಕ್ ಮನೆಯಲ್ಲೇ ಬಿಟ್ಟು ಹೋಗಿ.